ನಲವತ್ತೊಂದನೆಯ ಹುಂಜ

ಕೈಯಲ್ಲೊಂದು ಎಣಿಕೆಯ ಗುಂಡಿ, ಕೂರಲು ಪ್ಲಾಸ್ಟಿಕ್ ಸ್ಟೂಲು,
ಕುಮಾಸಿಯ ಗ್ಯಾರೇಜು ಕೇರಿ ಸುವಾಮೆಯಲ್ಲಿ ಏಳು ದಿನ.
ದಾಟಿದ ತಲೆಗೊಂದು ಟಿಕ್.
ಕೂಲಿ ದಿನಕ್ಕೆ ತೊಂಬತ್ತು ಸೆಡಿ,
ಮಧ್ಯಾಹ್ನದ ಊಟ ನನ್ನ ಖರ್ಚು.

ಆಫೀಸಿನ ಗೋಡೆಯಲ್ಲಿ ಘಾನಾದ ನಕ್ಷೆ,
ನಕ್ಷೆಯ ಮೇಲೆ ನಲವತ್ತು ಕೆಂಪು ಜುಟ್ಟಿನ ಹುಂಜ.
ಮೊದಲನೆಯದು ಅಡುಮ್‌ನ ಬಟ್ಟೆಯಂಗಡಿಗಳ ನಡುವೆ,
ಒಂದೇ ಬಾಣಲೆ, ಎರಡು ಬೆಂಚು, ಗಲ್ಲಾದಲ್ಲಿ ಮಾಲೀಕನೇ.
ಆಮೇಲೆ ಹೆದ್ದಾರಿ ಹಿಡಿದವು ನೋಡಿ,
ಟೆಚಿಮಾನ್, ಸುನ್ಯಾನಿ, ಟಮಾಲೆ,
ಹೇಂಟೆಯ ಹಂಗಿಲ್ಲದೆ ಹೆಚ್ಚುವ ಸಂತಾನ.

ಟ್ವುಮಾಸಿ ಮೇಡಂ ಮೊದಲೇ ಹೇಳಿದ್ದರು:
"ಯಾಕೆ ತಿಂತಾರೆ ಅಂತ ಕೇಳೋಕೆ ಹೋಗಬೇಡ, ಒಬಿರಿ.
ಯಾವ ಕಡೆ ನಡೀತಾರೆ, ಅಷ್ಟು ಸಾಕು."

ಕೇಳಲಿಲ್ಲ ನಾನು. ಆದರೆ ಒಂದು ಕೈ ಗುಂಡಿಗೆ ಕೊಟ್ಟವನು
ಎರಡು ಕಿವಿ ಮುಚ್ಚಿಕೊಳ್ಳುವುದು ಹೇಗೆ?

ವೆಲ್ಡಿಂಗ್ ಹುಡುಗರು ಹಾಜಿಯಾ ಮೆಮುನಾಟು ಹತ್ತಿರವೇ ಹೋಗುವುದು
ಶನಿವಾರದ ತನಕ ಸಾಲ ಸಿಗುತ್ತದೆಂದು;
ಅವಳ ಅಲಸಂದೆ ಅನ್ನದ ರುಚಿ ಆಮೇಲಿನ ಮಾತು.
ಟ್ರೊಟ್ರೊ ವ್ಯಾನಿನ ಕಂಡಕ್ಟರ್ ಆರಿಸುವುದೇ ಇಲ್ಲ,
ಡ್ರೈವರ್ ಬ್ರೇಕ್ ಒತ್ತಿದಲ್ಲಿ ಅವನ ಹಸಿವು.
ನರ್ಸ್ ಅಫ್ರಿಯೆ ಎರಡು ಸ್ಟಾಪ್ ಆಚೆಯ ಹುಂಜಕ್ಕೇ ಹೋಗುತ್ತಾಳೆ,
ಕೋಳಿಗಲ್ಲ,
ಚಿಲಕವಿರುವ ಶೌಚಾಲಯಕ್ಕೆ, ನಲ್ಲಿ ತಿರುಗಿಸಿದರೆ ಬರುವ ನೀರಿಗೆ.
ಹೊಸ ಪ್ರೇಮಿಗಳಿಗೂ ಅಲ್ಲೇ: ಒಂದು ತೊಡೆ, ಎರಡು ಫೋರ್ಕು,
ಎ.ಸಿ. ಕೆಳಗೆ ಎರಡು ಗಂಟೆ.
ಹೆಂಡತಿ ಬಿಟ್ಟುಹೋದ ಮೆಕ್ಯಾನಿಕ್ ಒಬ್ಬ
ಅವಳ ತಮ್ಮ ಎಲ್ಲಿ ತಿನ್ನುವುದಿಲ್ಲವೋ ಅಲ್ಲಿ ತಿನ್ನುತ್ತಾನೆ.
ಹಳೆ ಟೈರಿನ ಮುದುಕನಿಗೆ ಮಾತ್ರ ಸಿದ್ಧಾಂತವಿದೆ:
"ಕುತ್ತಿಗೆ ಇಲ್ಲ, ಪಾದ ಇಲ್ಲ, ಕರುಳಿಲ್ಲ,
ಬರೀ ತೊಡೆಯಾಗಿ ಹುಟ್ಟಿದ ಕೋಳಿಯನ್ನ
ನಾನು ತಿನ್ನಲಾರೆನಪ್ಪ."
ಭಾನುವಾರ ನೋಡಿದರೆ ಮೊಮ್ಮಗಳ ಜತೆ ಬಸ್ಸಿಳಿಯುತ್ತಿದ್ದಾನೆ,
ಇಬ್ಬರ ತಲೆಯ ಮೇಲೂ
ಕಾಗದದ ಕೆಂಪು ಜುಟ್ಟು.

ನಾಲ್ಕನೆಯ ದಿನ ಸಂಜೆ ಕರೆಂಟು ಹೋಯಿತು.
ಕತ್ತಲಲ್ಲಿ ಹಾಜಿಯಾಳದೊಂದೇ ಬ್ಯಾಟರಿ ದೀಪ,
ಸುತ್ತ ಇಡೀ ಸುವಾಮೆ, ಆಯಿಲ್ ಕೈ, ಗ್ರೀಸ್ ಕೈ,
ಟಿಕ್ ಟಿಕ್ ಟಿಕ್
ಹೆಬ್ಬೆರಳು ನಿಂತಿತು.
ಈ ತಲೆಗಳನ್ನು ಇಲ್ಲಿಗೆ ತಂದದ್ದು
ಇಪ್ಪತ್ತಾರು ವರ್ಷದಿಂದ ನಸುಕು ಮೂರಕ್ಕೆ ಒಲೆ ಹಚ್ಚುವ ಈ ಹೆಂಗಸು;
ನನ್ನ ಗುಂಡಿ ಅವನ್ನು ಒಂದೊಂದಾಗಿ
ಹುಂಜದ ಮುಂದೆ ಕಾಳಿನಂತೆ ಚೆಲ್ಲುತ್ತಿದೆ.

ಕಡಿಮೆ ಬರೆಯಬಹುದಿತ್ತು.
ಬರೆಯಲಿಲ್ಲ.
ದಿನಕ್ಕೆ ಆರು ಸಾವಿರದ ಇನ್ನೂರ ಹನ್ನೆರಡು.
ಅದರಲ್ಲಿ ನೀರಿಗೆಂದು ಓಡಾಡಿದ ಹಾಜಿಯಾಳದೇ ನಾಲ್ಕು ತಲೆ.

ಏಪ್ರಿಲ್‌ನಲ್ಲಿ ನಲವತ್ತೊಂದನೆಯದು ದೀಪ ಹಚ್ಚಿಕೊಂಡು ನಿಂತಿತು.
ಹಾಜಿಯಾ ಬಂದಳು, ಹೊಸ ಶಾಲು ಹೊದ್ದು,
ಒಂದು ತೊಡೆ ತರಿಸಿ, ಮೂಳೆಯವರೆಗೆ ವಿಚಾರಿಸಿ,
"ಉಪ್ಪು ಸರಿಯಿದೆ" ಎಂದಳು,
ಪಕ್ಕದ ಮನೆಯ ಹುಡುಗನಿಗೆ ಅಂಕ ಕೊಡುವ ಟೀಚರಿನಂತೆ.
ಮರುದಿನ ಪಾತ್ರೆಗಳನ್ನು ಹತ್ತು ಹೆಜ್ಜೆ ಸರಿಸಿ
ಅವರ ಫಲಕದ ನೆರಳಲ್ಲೇ ಇಟ್ಟುಕೊಂಡಳು.
ಒಳಗೆ ಸಾಲು ಉದ್ದವಾದರೆ ಬಾಲ ಹೊರಗೆ,
ಬಾಲದ ತುದಿ ಅವಳ ಸೌಟಿನ ಹತ್ತಿರ.
ಎಷ್ಟು ದಿನವೋ.
ಮೇಡಂ ಕಾಗದವೊಂದು ಕಳಿಸಿದ್ದಾರಂತೆ; ಹಾಜಿಯಾ ಅದರಲ್ಲಿ
ಹುರಿದ ಮೀನು ಕಟ್ಟಿಕೊಟ್ಟಳಂತೆ.

ಇವತ್ತು ಅವಳ ಹತ್ತಿರ ತಿಂದೆ, ಎಲೆಯಲ್ಲಿ,
ಕರಿ ಶಿಟೊ ಖಾರ ಉಗುರ ಸಂದಿಗೆ ಇಳಿಯುವಷ್ಟು.
ಕೈ ತೊಳೆಯಲು ಬಕೆಟ್ಟಿನಲ್ಲಿ ನೀರಿರಲಿಲ್ಲ. ಒಳಗೆ ಹೋದೆ.
ಗಾಜಿನ ಬಾಗಿಲು ಹಿಡಿದ ಹುಡುಗ ನಕ್ಕ,
ಅವನ ಹೆಬ್ಬೆರಳಿನಡಿ
ನನಗೆ ಚೆನ್ನಾಗಿ ಪರಿಚಯದ ಗುಂಡಿ.
ಟಿಕ್.