ಗಾಜಿಗೆ ಸವಕಳಿ ಇಲ್ಲ

ನನ್ನ ಕಾರಿಗೆ ಎರಡು ಬ್ರೇಕು.
ಕಲಿಯುವವರ ಕಾಲಡಿ ಒಂದು, ನನ್ನ ಕಾಲಡಿ ಒಂದು.
ಹದಿನಾರು ವರ್ಷ ಮಂಡ್ಯದ ಅರ್ಧ ಊರನ್ನು
ಆ ಎರಡನೆಯದರಿಂದಲೇ ಕಾಪಾಡಿದ್ದೇನೆ:
ಎಮ್ಮೆ, ಎತ್ತಿನಗಾಡಿ, ಹಾಲಿನ ಕ್ಯಾನಿನ ಸೈಕಲ್ಲು,
ಒಮ್ಮೆ ಹೆಣ ಹೊತ್ತವರನ್ನೂ.

ಹಿಂದೆ ಬರುವವನ ಬ್ರೇಕು ಮಾತ್ರ ನನಗೆ ಎಟುಕುವುದಿಲ್ಲ.

ಗುತ್ತಲು ರಸ್ತೆ, ಬೆಳಿಗ್ಗೆ ಆರೂ ಮುಕ್ಕಾಲು.
ಸ್ಟಿಯರಿಂಗ್ ಹಿಡಿದಿದ್ದವರು ಪ್ರೇಮಲೀಲಾ ಮೇಡಂ,
ರಿಟೈರಾದ ಗಣಿತದ ಟೀಚರು, ಅರವತ್ತೊಂದು.
ಉಬ್ಬು ಕಂಡದ್ದೇ ನಿಧಾನ ಮಾಡಿದರು, ಮೊದಲ ಸಲ
ನಾನು ಹೇಳದೆಯೇ.
ಭೇಷ್ ಅನ್ನಲು ಬಾಯಿ ತೆರೆದೆ.
ಬೆಲ್ಲದ ಟೆಂಪೋ ಬಂದು ಆ ಮಾತು ಮುಗಿಸಿತು.

ಡಿಕ್ಕಿಗೇ ಡಿಕ್ಕಿ. ರಸ್ತೆ ತುಂಬ ಅಚ್ಚುಬೆಲ್ಲ,
ಒಳಗೆ ಸ್ಟೆಪ್ನಿಯ ಮೇಲೂ ಎರಡು ಉಂಡೆ.
ಇಳಿದು ಬಂದ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡದವನು,
ಕೈ ಮುಗಿದ: "ತಪ್ಪು ನಂದೇ ಕಣಕ್ಕ.
ರಾತ್ರಿಯೆಲ್ಲ ಆಲೆಮನೇಲಿ ಲೋಡು, ಕಣ್ಣು ಎಳ್ಕೊಂಡು ಹೋಯ್ತು."
ಸ್ಟೇಷನ್ನಿಗೆ ಓನರ್ರು ಬಂದ ಮೇಲೆ ಅದೇ ಬಾಯಿ:
"ಅವ್ರೇ ದಿಢೀರಂತ ನಿಲ್ಸ್‌ಬುಟ್ರು ಸಾ."
ಮೇಡಂ ಕನ್ನಡಕ ಮೇಲೇರಿಸಿ ಕೇಳಿದರು,
"ಉತ್ತರ ತಿದ್ದಿಸಿದ್ದು ಯಾರಪ್ಪ?"

ಆಮೇಲೆ ಕಾಗದ.
ಎಫ್‌ಐಆರ್ ನಕಲು, ಮಹಜರು, ಆರ್‌ಸಿ, ಡಿಎಲ್ಲು,
ಕಲಿಯುವವರದ್ದೂ ಕಲಿಸುವವಳದ್ದೂ.
ಏಜೆಂಟ್ ಕೆಂಪಯ್ಯ ಸಂಜಯ ಸರ್ಕಲ್ಲಿನಲ್ಲಿ
ಬೈಟು ಕಾಫಿ ಹೇಳಿ, ತಟ್ಟೆಯ ನೀರಲ್ಲಿ ಬೆರಳದ್ದಿ
ಟೇಬಲ್ಲಿನ ಮೇಲೆ ಎರಡು ಗೆರೆ ಎಳೆದ:
"ಅವನ ಇನ್ಶೂರೆನ್ಸ್ ಮೇಲೆ ಹೋದ್ರೆ ಕೋರ್ಟು, ಲಾಯರು, ವಾಯಿದೆ;
ಅಷ್ಟೊತ್ಗೆ ನಿಮ್ ಕಾರು ಗುಜರಿ.
ನಿಮ್ದರಲ್ಲೇ ತಗೊಂಡ್ರೆ ತಿಂಗಳೊಳ್ಗೆ ದುಡ್ಡು,
ಬೋನಸ್ ಒಂದು ಹೋಯ್ತದೆ."
ಯಾವ ಬೋನಸ್ಸು?
"ಐದು ವರ್ಷ ಒಂದು ಕ್ಲೇಮೂ ಕೇಳ್ದೆ ಇದ್ರಲ್ಲ, ಅದು."

ನಾನು ಯಾರಿಗೂ ಗುದ್ದದೆ ಕೂಡಿಟ್ಟದ್ದು
ನನಗೆ ಯಾರೋ ಗುದ್ದಿ ಖರ್ಚಾಯಿತು.
ಟೇಬಲ್ಲಿನ ಮೇಲೆ ಎರಡೂ ಗೆರೆ ಆರಿಹೋಗುತ್ತಿದ್ದವು.
ಚಿಕ್ಕದನ್ನೇ ಆರಿಸಿಕೊಂಡೆ.

ಸರ್ವೇಯರ್ ನಯಾಜ್ ಗ್ಯಾರೇಜಿಗೆ ಬಂದದ್ದು ಶನಿವಾರ.
ಮಂಡಿಯೂರಿ, ನಜ್ಜುಗುಜ್ಜಾದಲ್ಲೆಲ್ಲ ಕೈಯಾಡಿಸಿ,
ನಾಡಿ ನೋಡುವವರ ಹಾಗೆ ಸುಮ್ಮನಿದ್ದು, ಬರೆದುಕೊಂಡರು.
"ಬಂಪರು ಪ್ಲಾಸ್ಟಿಕ್ಕು, ಅರ್ಧ ಕಳೀತೀವಿ. ರಬ್ಬರ್ರೂ ಅರ್ಧ.
ತಗಡಿಗೆ ಗಾಡಿಯ ವಯಸ್ಸು ನೋಡಿ."
ಹಿಂದಿನ ಗಾಜು?
"ಗಾಜಿಗೆ ಸವಕಳಿ ಇಲ್ಲಮ್ಮ. ಪೂರ್ತಿ ಕೊಡ್ತೀವಿ."

ಇಡೀ ಕಾರಿನಲ್ಲಿ ಚೂರುಚೂರಾದದ್ದು ಅದೊಂದೇ,
ಮುಪ್ಪಿಲ್ಲದ್ದೂ ಅದೊಂದೇ.
ನನ್ನ ಕತ್ತನ್ನು ಅವರು ಕೇಳಲಿಲ್ಲ. ಅದು ಬೇರೆ ಫಾರಮ್ಮು.
ಎಡಕ್ಕೆ ತಿರುಗಿದರೆ ಇನ್ನೂ ಕಟಕ್ ಅನ್ನುತ್ತದೆ,
ಎರಡನೇ ಗೇರಿಗೆ ಹಾಕಿದ ಹಾಗೆ.

ಫೋಟೋಕ್ಕೆಂದು ಡಿಕ್ಕಿ ಮೀಟಿ ಎತ್ತಿದಾಗ
ಒಳಗೆ ಇರುವೆ, ಸಾಲುಸಾಲು, ಬೆಲ್ಲದ ಗುರುತು ಹಿಡಿದು.
ನಯಾಜ್ ಉಫ್ ಎಂದು ಊದಿದರು. ಕದಲಲಿಲ್ಲ.
ಇರುವೆ ಸಮೇತ ಕ್ಲಿಕ್ಕಿಸಿ, ಮೊದಲ ಸಲ ನಕ್ಕರು.

ಬಿಲ್ಲು ನಲವತ್ತೊಂದು ಸಾವಿರದ ಆರುನೂರು.
ಬಂದದ್ದು ಇಪ್ಪತ್ತಾರು ಸಾವಿರದ ಮುನ್ನೂರ ಹತ್ತು.
ಮೇಡಂ ಬಾಯಲ್ಲೇ ಕಳೆದು ಉಳಿದದ್ದು ಹೇಳಿದರು,
ಅರ್ಧ ತಾನು ಕೊಡುವೆನೆಂದರು. ಬೇಡವೆಂದೆ.
ಹಾಗಾದರೆ ಇನ್ನೂ ಹತ್ತು ಕ್ಲಾಸು, ಎಂದರು.

ಸೋಮವಾರ ಅದೇ ರಸ್ತೆ.
ಹೊಸ ಗಾಜಿನ ಮೇಲೆ ಕಂಪನಿಯ ಚೀಟಿ ಇನ್ನೂ ಇದೆ.
ಮೇಡಂ ಕನ್ನಡಿಯನ್ನೇ ನೋಡುತ್ತಾ ಕೂತರು.
ಹೊರಡೋಣವೇ ಅಂದೆ.
"ಇರಿ, ಹಿಂದಿನವನು ಹೋಗಲಿ."
ಹಿಂದೆ ಯಾರೂ ಇರಲಿಲ್ಲ.

ಸೀಟಿನ ಹೊಲಿಗೆಯಿಂದ ಒಂದು ಇರುವೆ ಹೊರಬಂದು
ಅವರ ಮುಂಗೈ ಹತ್ತಿ, ಬಳೆ ದಾಟಿತು.
ಅವರು ಸ್ಟಿಯರಿಂಗ್‌ನಿಂದ ಕೈ ತೆಗೆಯಲಿಲ್ಲ.
ನಾನು ಬ್ರೇಕಿನಿಂದ ಕಾಲು ತೆಗೆದೆ.