ಕಾರಿನ ಬೆಲೆ ಎರಡು ಸಾವಿರ

ನಮ್ಮ ಪಂದ್ಯದ ನಿಯಮ ಬಲು ಸರಳ.
ಓಟ ಮುಗಿದ ಮೇಲೆ ಯಾರು ಬೇಕಾದರೂ
ಯಾರ ಕಾರನ್ನಾದರೂ ಕೇಳಬಹುದು.
ಬೆಲೆ ಎರಡು ಸಾವಿರ ಯೂರೋ,
ಗೆದ್ದದ್ದಕ್ಕೂ ಅಷ್ಟೇ, ಗುಜರಿಗೂ ಅಷ್ಟೇ.
ಕೇಳಿದವರು ಹಲವರಾದರೆ ಚೀಟಿ ಎತ್ತುತ್ತಾರೆ.
ಕೊಡಲಾರೆ ಎಂದರೆ ಲೈಸೆನ್ಸು ಹೋಯಿತು.

ದುಡ್ಡಿದ್ದವನು ಬಂಗಾರದ ಎಂಜಿನ್ ಕೂರಿಸದಿರಲಿ ಎಂದು
ಯಾರೋ ಪುಣ್ಯಾತ್ಮರು ಮಾಡಿಟ್ಟ ಏರ್ಪಾಡು.
ಗೆದ್ದದ್ದು ಕೈಯೋ ಕಾರೋ ಎಂಬ ಜಗಳ
ಅಲ್ಲಿಗೆ ಮುಗಿಯಿತೆಂದುಕೊಂಡಿರಬೇಕು, ಪಾಪ.

ನಾನು ಆರ್ವೊ. ಪಿಯೆಕ್ಸಾಮ್ಯಾಕಿಯಾಚೆ
ಜಲ್ಲಿ ತೆಗೆದು ಬಿಟ್ಟ ಹಳೇ ಕ್ವಾರಿಯಲ್ಲಿ ನಮ್ಮ ಟ್ರ್ಯಾಕು,
ಅದರ ಬೆನ್ನಿಗೆ ನನ್ನ ತಗಡಿನ ಶೆಡ್ಡು.
ಬೆಸುಗೆ ನನ್ನದು. ಓಡಿಸುವುದು ತಂಗಿಯ ಮಗಳು ಹೆಲ್ಕಾ,
ನನಗಿಂತ ಗೇಣುದ್ದ ಎತ್ತರ,
ವಾರವಿಡೀ ಶಾಲೆಯ ಬಸ್ಸು, ಭಾನುವಾರ ಇದು.
ಬೆನ್ನ ಹಿಂದೆ ಮೂವತ್ತು ಮಕ್ಕಳು ಕಿರುಚಿದರೂ
ಬ್ರೇಕಿನ ಮೇಲೆ ಕಾಲು ಬೆದರದ ಹುಡುಗಿ.

ಮೇ ತಿಂಗಳು. ಗುಂಡಿಗಳಲ್ಲಿ ಇನ್ನೂ ಕೊಳಕು ಹಿಮ.
ಕೆಂಪು ಕರೋಲಾದಲ್ಲಿ ಗೆದ್ದಳು.
ಹಾಲಿನ ಡೈರಿಯ ಟೌನೊ ಚೀಟಿಯಲ್ಲಿ ಅದನ್ನು ಹೊಡೆದ,
ಮನೆಗೆ ಒಯ್ದ, ತೊಳೆದ, ಮೇಣ ತಿಕ್ಕಿದ,
ಮುಂದಿನ ಓಟದಲ್ಲಿ ಒಂಬತ್ತನೆಯವನಾದ.
ಶೆಡ್ಡಿನ ಮುಂದೆ ತಂದು ಬಾನೆಟ್ ಎತ್ತಿ ನಿಂತ:
'ಏನನ್ನೋ ಬಿಚ್ಚಿಟ್ಟುಕೊಂಡಿದ್ದೀಯ ನೀನು.'
ಹೌದು. ಆ ಬಿಡಿಭಾಗ ಆ ಹೊತ್ತಿನಲ್ಲಿ
ಶಾಲೆಯೆದುರು ಮಕ್ಕಳನ್ನು ಇಳಿಸುತ್ತಿತ್ತು.

ಈ ಮಾತನ್ನು ಎಲ್ಲರಿಗೂ ಹೇಳಿ ನಕ್ಕು
ಒಂದು ತಿಂಗಳು ಕಳೆದೆ.

ಜೂನಿನಲ್ಲಿ ಬಿಳಿ ಓಪೆಲ್. ಅದರಲ್ಲೂ ಗೆದ್ದಳು.
ಅದು ಹೋದದ್ದು ಯೂಸೊ ಎಂಬ ಹತ್ತೊಂಬತ್ತರ ಪೋರನಿಗೆ,
ಅದುವರೆಗೆ ಪ್ರತಿ ತಿರುವಿನಲ್ಲೂ ದಿಬ್ಬ ಹತ್ತುತ್ತಿದ್ದವನು.
ಮೊದಲ ವಾರ ಏಳು. ಆಮೇಲೆ ನಾಲ್ಕು. ಆಮೇಲೆ ಎರಡು.
ತಪ್ಪಿದಾಗ ಕ್ಷಮಿಸುವ ಕಾರು ಅದು,
ನಾನೇ ಹಾಗೆ ಕಟ್ಟಿದ್ದೆ;
ಅವನ ಕೈ ಹಿಡಿದು ಅಕ್ಷರ ತಿದ್ದಿಸಿತು.
ನನ್ನ ನಗು ಸ್ವಲ್ಪ ಸಣ್ಣಗಾಯಿತು.

ಜುಲೈ. ಕತ್ತಲಾಗದ ರಾತ್ರಿಗಳು, ಸೊಳ್ಳೆ, ಅವಸರ.
ಮೂರನೆಯದು ಮಾಜ್ದಾ, ನಾಲ್ಕೇ ದಿನದ ಕೆಲಸ.
ಎರಡನೇ ಗೇರು ತಿರುವಿನ ನಡುವೆ ಕಳಚಿಕೊಳ್ಳುತ್ತಿತ್ತು.
ಹನ್ನೊಂದನೆಯವಳಾಗಿ ಬಂದು ಹೆಲ್ಮೆಟ್ ತೆಗೆದಳು,
ಹಲ್ಲಿನ ಮೇಲೂ ಧೂಳು.
ಸಾಸೇಜು ಸುಡುವ ಕಡೆ ಟೌನೊ ಗಟ್ಟಿಯಾಗಿ ಹೇಳುತ್ತಿದ್ದ,
'ನೋಡಿದಿರಾ, ಕಾರೇ ಎಲ್ಲ.'

ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳಂತೆ.
ಇವಳು ಎನ್ನಲಿಲ್ಲ.
ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು.
ಎನ್ನಬೇಕಿತ್ತು.
ನೆಲ ಡೊಂಕೇ ಇತ್ತು, ಹಾಸಿದವನು ನಾನು.

ಆಗಸ್ಟಿನ ಕೊನೆ, ಕಡೆಯ ಓಟಕ್ಕೆ ಒಂದು ವಾರ.
ಅಂಕದಲ್ಲಿ ಯೂಸೊ ಮುಂದೆ, ಹೆಲ್ಕಾ ಮೂರು ಹಿಂದೆ.
ಅವಳು ಎರಡು ಸಾವಿರ ಎಣಿಸಿಟ್ಟು ಆ ಓಪೆಲ್ಲನ್ನೇ ಕೇಳಿದಳು.
ಚೀಟಿ ಅವಳಿಗೇ ಬಂತು.
ಹುಡುಗ ಒಂದು ಗಳಿಗೆ ಕಲ್ಲಾದ. ಆಮೇಲೆ
ಯಾರೂ ಮೂಸದ ಮಾಜ್ದಾಗೆ ಅದೇ ದುಡ್ಡಿಟ್ಟ.
ಸಂಜೆ ಶೆಡ್ಡಿಗೆ ಬಂದು ಬಾಗಿಲಲ್ಲೇ ನಿಂತ:
'ಎರಡನೇ ಗೇರು...?'

ಎದುರಾಳಿ. ಮಾರಿ ಮುಗಿದ ಸರಕು. ನನಗೇನು?
ಬೆಳಗಿನ ಮೂರರವರೆಗೆ ಗೇರ್‌ಪೆಟ್ಟಿಗೆ ಬಿಚ್ಚಿ ಕೂತೆ.
ಟಾರ್ಚು ಹಿಡಿದವಳು ಹೆಲ್ಕಾ.

ಆ ಭಾನುವಾರ ಅವರಿಬ್ಬರ ನಡುವೆ
ಆರು ಸುತ್ತೂ ಒಂದು ಕೈಚೀಲ ತೂರದಷ್ಟು ಜಾಗ.
ಕೊನೆಯ ತಿರುವಿನಲ್ಲಿ ಬ್ರೇಕನ್ನು ಒಂದು ಉಸಿರು ತಡಮಾಡಿದಳು,
ಓಪೆಲ್ ಅದನ್ನು ತಾಳಿಕೊಂಡಿತು.
ಉಸಿರು ಅವಳದು, ತಾಳಿಕೊಂಡದ್ದು ನನ್ನ ಬೆಸುಗೆ
ಎಂದು ಹೇಳಿಕೊಳ್ಳುತ್ತೇನೆ; ಮಾಜ್ದಾ ಗೆದ್ದಿದ್ದರೆ
ಅದಕ್ಕೂ ಏನಾದರೂ ಹೇಳಿಕೊಳ್ಳುತ್ತಿದ್ದೆ.

ಒಂದೇ ಅಂಕದಿಂದ ಚಾಂಪಿಯನ್. ತಗಡಿನ ಕಪ್.
ಮತ್ತೆ ಚೀಟಿ. ಓಪೆಲ್ಲಿಗೆ ಹದಿನಾಲ್ಕು ಕೈ.
ಬಂದದ್ದು ಟೌನೊಗೆ.
ಒಳಗೆ ಕೂತ. ಕಾಲು ಚಾಚಿದ. ಪೆಡಲು ಸಿಗಲಿಲ್ಲ.
'ಸೀಟು ಒಂಚೂರು ಮುಂದೆ ಹಾಕಿಕೊಡು' ಎಂದ.
ಸ್ಪ್ಯಾನರ್ ತೆಗೆದುಕೊಂಡೆ.