ಕಳೆದ ಏಳು ದಿನಗಳಲ್ಲಿ

ನಿಶ್ಮಿತಾ ಕಳಿಸಿದ ಫಾರಂ ತೆರೆಯಲು
ಹಿತ್ತಿಲ ಗೇರುಮರ ಹತ್ತಬೇಕು, ಮೂರನೇ ಕೊಂಬೆಗೆ.
ಅಲ್ಲಿ ಎರಡು ಕಡ್ಡಿ ನೆಟ್‌ವರ್ಕು, ಕರ್ನಾಟಕದ್ದು.
ಕಚ್ಚುವ ಕೆಂಜಿಗ ಮಾತ್ರ ಕುಂಜತ್ತೂರಿನದೇ.

"ನಿರ್ಬಂಧದ ಅವಧಿಯಲ್ಲಿ ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳ
ದೈಹಿಕ ಚಟುವಟಿಕೆ: ಒಂದು ಅಧ್ಯಯನ."
ಹಾಸ್ಟೆಲಿನಲ್ಲಿ ನನ್ನ ಎಣ್ಣೆಬಾಟ್ಲಿ ಖಾಲಿ ಮಾಡುತ್ತಿದ್ದವಳು
ಈಗ ನನ್ನನ್ನು "ಗೌರವಾನ್ವಿತ ಮಾಹಿತಿದಾರರೇ" ಎನ್ನುತ್ತಾಳೆ.

ಪ್ರಶ್ನೆ ಒಂದು. ಕಳೆದ ಏಳು ದಿನಗಳಲ್ಲಿ
ಏದುಸಿರು ಬರುವಂಥ ಚಟುವಟಿಕೆ ಎಷ್ಟು ದಿನ?

ಒಂದು ದಿನ, ಮಾರಾಯ್ತಿ. ಮಂಗಳವಾರ.
ಶಾಲೆಯ ಮೈದಾನದ ಮೇಲೆ ಪೊಲೀಸರ ಡ್ರೋನು ಗುಂಯ್ಗುಟ್ಟಿತು.
ಕ್ರಿಕೆಟ್ಟಿನ ಹುಡುಗರು ಸ್ಟಂಪನ್ನೂ ಬಿಟ್ಟು ಓಡಿದರು,
ಅಂಗಿಯನ್ನು ಮುಖಕ್ಕೆ ಎಳೆದುಕೊಂಡು.
ನಾನು ಓಡಲಿಲ್ಲ. ಓಡುವುದು ನನ್ನ ಆಟದಲ್ಲಿ ತಪ್ಪು.
ಒಂದು ಕಾಲು ಸದಾ ನೆಲದ ಮೇಲಿರಬೇಕು,
ಎರಡೂ ಎದ್ದರೆ ಕೆಂಪು ಚೀಟಿ, ಮೂರು ಚೀಟಿಗೆ ಹೊರಗೆ.
ಮೊಣಕಾಲು ನೆಟ್ಟಗೆ, ಸೊಂಟ ತಿರುಗಿಸುತ್ತ
ಗೇರುತೋಪಿನವರೆಗೆ ನಡೆದೇ ಹೋದೆ.
ಮೇಲಿದ್ದ ಯಂತ್ರ ತುಸು ಹೊತ್ತು ನಿಂತು ನೋಡಿತು,
ಇದು ಓಟವೋ ನಡಿಗೆಯೋ
ತೀರ್ಮಾನವಾಗದೆ.

ಪ್ರಶ್ನೆ ಎರಡು. ಮಧ್ಯಮ ಶ್ರಮ; ಹಗುರ ಭಾರ ಎತ್ತುವುದು ಇತ್ಯಾದಿ.
ಬಾವಿಯಿಂದ ನಲವತ್ತು ಕೊಡ. ಪಂಪು ಕೆಟ್ಟಿದೆ,
ರಿಪೇರಿಯ ಉಮ್ಮರಬ್ಬ ತಲಪಾಡಿಯ ಆಚೆ ಸಿಕ್ಕಿಕೊಂಡಿದ್ದಾನೆ.
ಹಗುರವೋ ಅಲ್ಲವೋ ನೀನೇ ಗುರುತು ಹಾಕು.

ಪ್ರಶ್ನೆ ಮೂರು. ಒಮ್ಮೆಗೆ ಹತ್ತು ನಿಮಿಷ ಮೀರಿ ನಡೆದದ್ದು?

ಪೆಟ್ಟಿಗೆ ಸಣ್ಣದು.
ಮೊದಮೊದಲು ನಸುಕಿಗೆ ಗಡಿಯವರೆಗೆ ಹೋಗುತ್ತಿದ್ದೆ.
ಒಳದಾರಿಗೆ ಅಡ್ಡ ಸುರಿದ ಮಣ್ಣು, ಆಳೆತ್ತರ,
ಆಚೆಯವರು ಸುರಿದದ್ದು; ಬಣ್ಣ ನಮ್ಮಂಗಳದ್ದೇ.
ಅದರಾಚೆ ನಮ್ಮ ಕೊಣಾಜೆ, ನಾನೂರು ಮೀಟರಿನ ಟ್ರ್ಯಾಕು,
ಲಾಕರಿನಲ್ಲಿ ಉಳಿದ ನನ್ನ ಬೂಟು.
ದಿಬ್ಬ ಮುಟ್ಟಿ ತಿರುಗುತ್ತಿದ್ದೆ.
ಒಂದು ಬೆಳಿಗ್ಗೆ ಅಲ್ಲೊಂದು ಕಾರು ನಿಂತಿತ್ತು.
ಹಿಂದಿನ ಸೀಟಿನಲ್ಲಿ ಮುದುಕಿ, ಡಯಾಲಿಸಿಸ್ಸಿನ ದಿನವಂತೆ.
ಮಗನೋ ಡ್ರೈವರೋ ಇಳಿದು ಬಂದು
ದಿಬ್ಬವನ್ನು ಒದ್ದ. ಎರಡು ಸಲ.
ಅದು ಯಾವ ಚಟುವಟಿಕೆ, ನಿಶ್ಮಿತಾ, ತೀವ್ರವೋ ಮಧ್ಯಮವೋ?
ಮತ್ತೆ ಆ ಕಡೆ ಹೋಗಿಲ್ಲ ನಾನು.
ಈಗ ಬಾವಿಯ ಸುತ್ತ. ಒಂದು ಸುತ್ತಿಗೆ ಇಪ್ಪತ್ತೆರಡು ಹೆಜ್ಜೆ.

ಪ್ರಶ್ನೆ ನಾಲ್ಕು. ದಿನಕ್ಕೆ ಎಷ್ಟು ಗಂಟೆ ಕುಳಿತಿರುತ್ತೀರಿ?

ಇದನ್ನು ಅಮ್ಮನ ಹತ್ತಿರ ಕೇಳಬೇಕು.
ತೊಡೆಯ ಮೇಲೆ ಮೊರ ಇಟ್ಟುಕೊಂಡು ಮೂವತ್ತೊಂದು ವರ್ಷ.
ಹಾಸ್ಟೆಲಿನ ಫೀಸು, ಬೂಟು, ಕೂಟಕ್ಕೆ ಹೋದ ರೈಲಿನ ಟಿಕೆಟು
ಎಲ್ಲ ಅವಳು ಕುಳಿತು ಕಟ್ಟಿದ ಬೀಡಿ.
ನಾನು ನಡೆದ ಕಿಲೋಮೀಟರಿಗೆ ಅವಳು ಕುಳಿತದ್ದೆಷ್ಟು
ಅಂತ ನಿನ್ನ ಫಾರಂ ಕೇಳುವುದಿಲ್ಲ.

ಬ್ರಾಂಚು ಮುಚ್ಚಿತು. ಎಲೆಯಿಲ್ಲ, ಹೊಗೆಸೊಪ್ಪಿಲ್ಲ.
ಮೂರು ದಿನ ಖಾಲಿ ಮೊರದೆದುರು ಕುಳಿತಳು.
ನಾಲ್ಕನೆಯ ಸಂಜೆ ನನ್ನ ಹಿಂದೆ ಇನ್ನೊಂದು ಹೆಜ್ಜೆಯ ಸದ್ದು.
ಸೆರಗು ಸೊಂಟಕ್ಕೆ ಸಿಕ್ಕಿಸಿ ಅಮ್ಮ, ಗಂಟುಗಳು ಲಟಲಟ.
"ಎಂತ ನೋಡುವುದು? ನಡಿ."

ಸುತ್ತಿನ ಲೆಕ್ಕ ಅವಳದೇ.
ಇಪ್ಪತ್ತೈದಾದರೆ "ಒಂದು ಕಟ್ಟು" ಅನ್ನುತ್ತಾಳೆ.
ನಿನ್ನೆ ಎರಡು ಕಟ್ಟು ಆಯಿತು;
ಅದರಲ್ಲಿ ಒಂದು ಸುತ್ತನ್ನು ತಾನೇ ತೆಗೆದು ಬಿಸಾಡಿದಳು,
ಸರಿ ಬರಲಿಲ್ಲವಂತೆ, ನಡುವೆ ಬಾವಿಕಟ್ಟೆ ಹಿಡಿದಳಂತೆ.
ಬ್ರಾಂಚಿನವರು ಬೀಡಿ ತೆಗೆದೆಸೆಯುವುದು ಹೀಗೆಯೇ.
ಹಿಂದೆ ಬಿದ್ದು ಅವಳ ಪಾದ ನೋಡುತ್ತ ನಡೆದೆ.
ಎರಡೂ ಒಟ್ಟಿಗೆ ನೆಲ ಬಿಟ್ಟದ್ದೇ ಇಲ್ಲ.

ಅವಳಿಗೂ ಒಂದು ಫಾರಂ ತುಂಬಲು ಹೋದೆ.
ವಯಸ್ಸು ಐವತ್ತಮೂರು ಎಂದೊಡನೆ ಪೆಟ್ಟಿಗೆ ಕೆಂಪಾಯಿತು:
ಹದಿನೆಂಟರಿಂದ ಇಪ್ಪತ್ತೆಂಟು ಮಾತ್ರ.
ನನ್ನದನ್ನಷ್ಟೇ ಕಳಿಸುತ್ತಿದ್ದೇನೆ. ಕಡ್ಡಿ ಒಂದಕ್ಕೆ ಇಳಿದಿದೆ,
ಪರದೆಯ ಮೇಲೂ ಸಣ್ಣದೊಂದು ಸುತ್ತು ತಿರುಗುತ್ತಲೇ ಇದೆ.
ಮರದ ಬುಡದಲ್ಲಿ ಅಮ್ಮ:
"ಇಳಿಯೇ, ಕತ್ತಲಾಯಿತು.
ಅರ್ಧ ಕಟ್ಟು ಬಾಕಿ ಉಂಟು."